ಅವ್ವನ ಮೂವತ್ತು ಸೆಕೆಂಡು

ಪುಣೆಯ ಕೊಥ್ರೂಡಿನಲ್ಲಿ ನಮ್ಮ ಕಟ್ಟಡದ ಗೇಟಿಗೂ ಎದುರಿನ ವಿಠ್ಠಲನ ಗುಡಿಗೂ ನಡುವೆ ಇರೋದು ಒಂದು ರಸ್ತೆ ಅಷ್ಟೆ. ಅಗಲ ಸುಮಾರು 18 ಮೀಟರು. ಮಧ್ಯೆ ಮೊಳಕಾಲೆತ್ತರದ ಡಿವೈಡರು, ಅದರಲ್ಲೊಂದು ಸಂದಿ, ಸಂದಿಯ ಎರಡೂ ಕಡೆ ಜೀಬ್ರಾ ಪಟ್ಟಿ. ಎಲ್ಲ ಶಾಸ್ತ್ರೋಕ್ತವಾಗಿಯೇ ಇದೆ. ಆದರೂ ನಮ್ಮ ಅವ್ವ ಆ ಗುಡಿಗೆ ಒಬ್ಬಳೇ ಹೋಗೋದನ್ನ ಬಿಟ್ಟು ಎರಡು ವರ್ಷದ ಮೇಲಾಯ್ತು.

ಅವ್ವನಿಗೆ ಈಗ 78. ಧಾರವಾಡದ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರೋಕೆ ಬಂದಾಗ ಅವಳಿಗೆ ಮರಾಠಿ ಬರ್ತಿರಲಿಲ್ಲ. ಅದೇನೂ ತೊಡಕಾಗಲಿಲ್ಲ ಬಿಡಿ, ವಿಠ್ಠಲನಿಗೆ ಕನ್ನಡ ಬರುತ್ತಲ್ಲ! ಸಂಜೆ ಭಜನೆಗೆ ಬರುವ ಅಜ್ಜಿಯರ ಜೊತೆ ಅರ್ಧ ಕನ್ನಡ, ಅರ್ಧ ಮರಾಠಿ, ಉಳಿದದ್ದು ಕೈಸನ್ನೆಯಲ್ಲಿ ಸಂಸಾರದ ಸುದ್ದಿಯೆಲ್ಲ ಹಂಚಿಕೊಂಡು ಬರ್ತಿದ್ದಳು. ಭಾಷೆ ದಾಟಿದ ಅವ್ವನಿಗೆ ರಸ್ತೆ ದಾಟಲು ಆಗಲಿಲ್ಲ.

ಬಂದ ಹೊಸತರಲ್ಲಿ ಒಂದು ದಿನ ಕೇಳಿದಳು. "ಅಲ್ಲೋ ತಮ್ಮಾ, ಈ ಬಿಳೀ ಪಟ್ಟಿ ಯಾಕ ಬಡದಾರ?"

"ನಾವು ದಾಟಲಿಕ್ಕೆ ಅವ್ವಾ."

"ಅದು ನಮಗ ಗೊತ್ತೈತಿ. ಗಾಡಿಯವರಿಗೆ ಯಾರರ ಹೇಳ್ಯಾರೇನು?"

ಹೇಳಿದ್ದಾರೆ ಅಂತ ಆಗ ಅವಳಿಗೆ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದಳು. 2017ರಲ್ಲಿ ಕೇಂದ್ರ ಸರ್ಕಾರ ತಂದ ವಾಹನ ಚಾಲನೆಯ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ: ಸಿಗ್ನಲ್ ಇಲ್ಲದ ಕ್ರಾಸಿಂಗಿನ ಹತ್ತಿರ ಬರುವಾಗ ಚಾಲಕ ವೇಗ ತಗ್ಗಿಸಬೇಕು, ನಿಲ್ಲಬೇಕು, ನಡೆಯುವವರಿಗೆ, ಗಾಲಿಕುರ್ಚಿಯಲ್ಲಿ ಹೋಗುವವರಿಗೆ ದಾರಿ ಬಿಡಬೇಕು. ಟ್ರಾಫಿಕ್ಕು ನಿಂತುಹೋಗಿದ್ದರೆ ಆ ಪಟ್ಟಿಗಳ ಮೇಲೆ ಗಾಡಿ ತಂದು ನಿಲ್ಲಿಸಲೂಬಾರದು. ಇಷ್ಟು ಚೆಂದದ ನಿಯಮ ಇರುವ ದೇಶದಲ್ಲಿ ನಾವು ರಸ್ತೆ ದಾಟೋದು ಹೇಗೆ? ಬಲಗೈ ಎತ್ತಿ, ಅಂಗೈ ಗಾಡಿಗಳ ಕಡೆ ತೋರಿಸುತ್ತಾ. ಥೇಟ್ ದೇವರ ಅಭಯಹಸ್ತ. ವ್ಯತ್ಯಾಸ ಏನಂದ್ರೆ, ಅಭಯ ಬೇಡುತ್ತಿರುವವರೇ ಹಸ್ತ ತೋರಿಸೋದು! ದಾಟಿ ಮುಗಿಸಿದ ಮೇಲೆ ಆ ಕಡೆ ನಿಂತ ಒಬ್ಬ ಪುಣ್ಯಾತ್ಮನಿಗೆ ಥ್ಯಾಂಕ್ಸ್ ಬೇರೆ ಹೇಳ್ತೀವಿ.

"ಎರಡೂ ಕಡೆ ನೋಡಿ ದಾಟಿ" ಅಂತ ಶಾಲೆಯಿಂದಲೂ ಕಲಿಸ್ತಾರಲ್ಲ, ಅದರ ಬಗ್ಗೆ ಒಂದು ಮಾತು ಹೇಳಬೇಕು. ಒಂದು ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಅವ್ವನ ಜೊತೆ ದಾಟುತ್ತಾ ಮೊಬೈಲಿನಲ್ಲಿ ಸಮಯ ನೋಡಿದೆ. 30 ಸೆಕೆಂಡು. ಅಂದರೆ ಸೆಕೆಂಡಿಗೆ 60 ಸೆಂಟಿಮೀಟರು. ಸಿಗ್ನಲ್ಲುಗಳಲ್ಲಿ ನಡೆಯುವವರಿಗೆ ಸಮಯ ಕೊಡುವಾಗ ಇಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಸೆಕೆಂಡಿಗೆ 1.2 ಮೀಟರು. ಆ ಲೆಕ್ಕದ ಮನುಷ್ಯ ಈ ರಸ್ತೆಯನ್ನ 15 ಸೆಕೆಂಡಿಗೆ ದಾಟುತ್ತಾನೆ. ನಮ್ಮ ಅವ್ವ ಆ ಲೆಕ್ಕದಲ್ಲಿ ಅರ್ಧ ಮನುಷ್ಯಳು.

ಈಗ ಗಾಡಿ ಕಡೆಯಿಂದ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರು ಓಡುತ್ತೆ. 30 ಸೆಕೆಂಡಿಗೆ 400 ಮೀಟರಿಗಿಂತ ಜಾಸ್ತಿ. ಅವ್ವ ಮೊದಲನೇ ಹೆಜ್ಜೆ ಇಡುವಾಗ ಅವಳನ್ನ ಗುದ್ದಬಹುದಾದ ಗಾಡಿ ಇನ್ನೂ ತಿರುವಿನ ಆಚೆ ಇದೆ. ಕಣ್ಣಿಗೇ ಕಾಣೋದಿಲ್ಲ. ಪೊರೆಯ ಆಪರೇಷನ್ ಆದ ಕಣ್ಣು ಬಿಡಿ, ಹದ್ದಿನ ಕಣ್ಣಿದ್ದರೂ ಕಾಣೋದಿಲ್ಲ. ಎರಡೂ ಕಡೆ ನೋಡಿ ದಾಟೋದು ಓಡಬಲ್ಲವರಿಗೆ ಮಾತ್ರ ಸಲ್ಲುವ ಬುದ್ಧಿಮಾತು. ನಿಧಾನ ನಡೆಯುವವರು ಎಷ್ಟು ನೋಡಿದರೂ ಅಷ್ಟೇ, ಬರುವವನು ನಿಂತರೆ ಮಾತ್ರ ಅವರು ದಾಟಬಹುದು. ವಯಸ್ಸಾದವರು "ಲಕ್ಷ್ಯ ಇಲ್ಲದೆ ರಸ್ತೆಗಿಳೀತಾರೆ" ಅಂತ ಬಯ್ಯುವವರು ಈ ಗುಣಾಕಾರವನ್ನ ಒಮ್ಮೆ ಮಾಡಿ ನೋಡಬೇಕು.

ಅವ್ವನದ್ದು ಬೇರೆಯೇ ಸಿದ್ಧಾಂತ. "ನಮ್ಮೂರಾಗ ಎಮ್ಮಿ ಅಡ್ಡ ಬಂದ್ರ ಬಸ್ಸು ನಿಂದರತೈತಿ. ಇಲ್ಲಿ ಮನಷ್ಯಾ ಅಡ್ಡ ಬಂದ್ರ ಹಾರ್ನ್ ಹೊಡೀತಾರ." ಇದರಲ್ಲಿ ಎಮ್ಮೆಯ ಮೇಲಿನ ಪ್ರೀತಿ ಏನಿಲ್ಲ ಅನ್ನಿ. ಎಮ್ಮೆ ಹಾರ್ನಿಗೆ ಹೆದರಿ ಓಡೋದಿಲ್ಲ ಅಂತ ಡ್ರೈವರಿಗೆ ಗೊತ್ತು. ಗುದ್ದಿದರೆ ಗಾಡಿಗೂ ಖರ್ಚು. ಮನುಷ್ಯ ಮಾತ್ರ ಓಡಿಬಿಡ್ತಾನೆ ಅನ್ನೋ ಧೈರ್ಯ.

ಅವ್ವ ಒಬ್ಬಳೇ ಹೋಗೋದನ್ನ ಬಿಟ್ಟದ್ದು ನಮ್ಮ ಮೇಲಿನ ಮನೆಯ ಆಜೋಬಾ ಬಿದ್ದ ಮೇಲೆ. 2023ರ ಮಳೆಗಾಲ. ರಿಟೈರಾದ ಮೇಷ್ಟ್ರು ಅವರು, ಕೊಡೆ ಹಿಡಿದು ಇದೇ ಪಟ್ಟಿಯ ಮೇಲೆ ದಾಟುತ್ತಿದ್ದರು. ಬಸ್ಸಿನ ಡ್ರೈವರು ಒಳ್ಳೆಯವನು, ಅವರನ್ನ ನೋಡಿ ಬಸ್ಸು ನಿಲ್ಲಿಸಿದ, ಕೈ ಮಾಡಿ ಹೋಗಿ ಅಂದ. ನಿಂತ ಬಸ್ಸಿನ ಮುಂದಿನಿಂದ ಆಜೋಬಾ ಆಚೆ ಕಾಲಿಟ್ಟರು, ಬಸ್ಸಿನ ಪಕ್ಕದಿಂದ ಒಂದು ಬೈಕು ನುಗ್ಗಿ ಬಂತು. ಸೊಂಟದ ಮೂಳೆ ಮುರೀತು. ಹುಡುಗ ಓಡಿಹೋಗಲಿಲ್ಲ ಪಾಪ, ರಿಕ್ಷಾದಲ್ಲಿ ಆಸ್ಪತ್ರೆಗೆ ಅವನೂ ಬಂದ. ದಾರಿಯುದ್ದಕ್ಕೂ ಒಂದೇ ಮಾತು: "ಮಲಾ ದಿಸ್ಲೇಚ್ ನಾಹೀತ್". ನನಗೆ ಕಾಣಲೇ ಇಲ್ಲ, ಅಂತ.

ಅವನು ಸುಳ್ಳು ಹೇಳ್ತಿರಲಿಲ್ಲ. ಬಸ್ಸಿನ ಮರೆಯಲ್ಲಿ ಇವರು ಅವನಿಗೆ ಕಾಣಿಸಿರಲಿಕ್ಕಿಲ್ಲ. ಆದರೆ ಪಟ್ಟಿ ಕಾಣಿಸ್ತಿತ್ತಲ್ಲ? ಅದರ ಮುಂದೆ ಬಸ್ಸು ಸುಮ್ಮನೆ ನಿಂತದ್ದು ಕಾಣಿಸ್ತಿತ್ತಲ್ಲ? ಬಸ್ಸು ಯಾಕೆ ನಿಂತಿದೆ ಅನ್ನೋ ಪ್ರಶ್ನೆ ಅವನ ತಲೆಗೆ ಬಂದಿದ್ದರೆ ಸಾಕಿತ್ತು. ನಮ್ಮಲ್ಲಿ ಮುಂದಿನ ಗಾಡಿ ನಿಂತರೆ ಪಕ್ಕದಲ್ಲಿ ಜಾಗ ಸಿಕ್ಕಿತು ಅಂತಲೇ ಅರ್ಥ.

ಆಜೋಬಾ ಬದುಕಿದ್ದಾರೆ. ವಾಕರ್ ಹಿಡಿದು ಬಾಲ್ಕನಿ ತನಕ ಬರ್ತಾರೆ. ಕೆಳಗೆ ಇಳಿದಿಲ್ಲ. ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ 32,825 ಜನ ನಡೆಯುತ್ತಿದ್ದವರು. ಆಜೋಬಾನಂಥವರು ಈ ಸಾವಿನ ಪಟ್ಟಿಯಲ್ಲಿ ಬರೋದಿಲ್ಲ. ನಮ್ಮ ಅವ್ವನಂತೆ ಹೆದರಿ ಗೇಟಿನೊಳಗೆ ಉಳಿದವರಂತೂ ಯಾವ ಪಟ್ಟಿಯಲ್ಲೂ ಇಲ್ಲ.

(ಒಂದು ಉಪಯೋಗದ ಮಾತು. ಗಾಯಗೊಂಡವರನ್ನ ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ತಾಪತ್ರಯ ಅಂತ ಅವತ್ತೂ ಹಲವರು ದೂರವೇ ನಿಂತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು, ಆಮೇಲೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯೇ, ಸದುದ್ದೇಶದಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿವೆ. ಧೈರ್ಯವಾಗಿ ಎತ್ತಿಕೊಂಡು ಹೋಗಿ.)

ಪರಿಹಾರ ದೊಡ್ಡ ವಿದ್ಯೆಯೇನಲ್ಲ. ಪಟ್ಟಿ ಬಳಿಯುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಕಾನೂನು ಗೊತ್ತಿಲ್ಲದವನೂ ಬ್ರೇಕ್ ಹಾಕ್ತಾನೆ, ತನ್ನ ಸೊಂಟದ ಮೇಲಿನ ಪ್ರೀತಿಗಾದರೂ. ನಿಲ್ಲುವ ಗೆರೆಯನ್ನ ಪಟ್ಟಿಯಿಂದ ನಾಲ್ಕಾರು ಮೀಟರು ಹಿಂದಕ್ಕೆ ಹಾಕಿದರೆ ನಿಂತ ಬಸ್ಸು ನಡೆಯುವವರನ್ನ ಅಷ್ಟು ಮರೆಮಾಡೋದಿಲ್ಲ. ಡಿವೈಡರಿನ ಸಂದಿಯಲ್ಲಿ ಇಬ್ಬರು ನೆಮ್ಮದಿಯಾಗಿ ನಿಲ್ಲುವಷ್ಟು ಜಾಗ ಕೊಟ್ಟರೆ ಅವ್ವನ 30 ಸೆಕೆಂಡು ಎರಡು ಕಂತಾಗುತ್ತೆ. ಇದಕ್ಕೆಲ್ಲ ಬೇಕಾಗೋದು ಕಾಂಕ್ರೀಟು, ಇಟ್ಟಿಗೆ, ಒಂದು ಡಬ್ಬಿ ಬಣ್ಣ. ನಾವು ಮಾತ್ರ ಮೇಲೆ ಹತ್ತಿ ಇಳಿಯುವ ಸೇತುವೆ ಕಟ್ಟಿ, ಮಂಡಿ ನೋವಿನವರಿಗೆ "ಉಪಯೋಗಿಸಿ" ಅಂತ ಬೋರ್ಡು ಹಾಕ್ತೀವಿ. ಗಾಡಿ ನಿಧಾನಿಸಬಾರದು ಅಂತ ಅಜ್ಜಿ ಮೆಟ್ಟಿಲು ಹತ್ತಬೇಕಂತೆ, ಎಂಥಾ ನ್ಯಾಯ!

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಸುದ್ದಿಯನ್ನ ಅವ್ವನಿಗೆ ಓದಿ ಹೇಳಿದೆ. "ಚಲೋ ಆತು" ಅಂದಳು. ಆಮೇಲೆ, "ಫುಟ್‌ಪಾತಿನಿಂದ ಕೆಳಗ ಇಳದ ಮ್ಯಾಲ?" ಅಂದಳು.

ಈಗ ಸಂಜೆ ಐದೂವರೆಗೆ ನನ್ನ ಹೆಂಡತಿಯೋ ಮಗಳೋ ಯಾರಾದರೂ ಅವಳನ್ನ ಆ ಕಡೆ ಬಿಟ್ಟು ಬರ್ತಾರೆ, ಏಳಕ್ಕೆ ಕರ್ಕೊಂಡು ಬರ್ತಾರೆ. ಯಾರಿಗೂ ಆಗದ ದಿನ ಭಜನೆ ಇಲ್ಲ. "ಇರ್ಲಿ ಬಿಡು, ವಿಠ್ಠಲ ಇಲ್ಲೇ ಕಾಣತಾನ" ಅಂತ ಬಾಲ್ಕನಿಯಿಂದ ಶಿಖರಕ್ಕೆ ಕೈ ಮುಗೀತಾಳೆ. ಧಾರವಾಡದಲ್ಲಿ ಸಂತೆ, ಗುಡಿ, ಬ್ಯಾಂಕು ಅಂತ ದಿನಕ್ಕೆ ಮೂರು ಸಲ ಹೊರಗೆ ಹೋಗ್ತಿದ್ದವಳು. ಇಲ್ಲಿ ಹೊರಗೆ ಹೋಗೋಕೆ ಮಕ್ಕಳ ಟೈಮು ಕೇಳಬೇಕು. ಅದನ್ನ ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಪುಣೆಯಲ್ಲಿ 2021ರಿಂದ ಡಿಸೆಂಬರ್ 11ರಂದು ಪಾದಚಾರಿ ದಿನ ಅಂತ ಮಾಡ್ತಾರೆ. ಲಕ್ಷ್ಮೀ ರಸ್ತೆಯ ಒಂದು ಭಾಗವನ್ನ ಗಾಡಿಗಳಿಗೆ ಬಂದ್ ಮಾಡಿ ನಡೆಯುವವರಿಗೆ ಬಿಡ್ತಾರೆ. ಕಳೆದ ಸಲ ಅವ್ವನನ್ನ ಕರ್ಕೊಂಡು ಹೋಗಿದ್ದೆ. ದಿನಾ ಹಾರ್ನಿನಲ್ಲಿ ಮುಳುಗಿರುವ ರಸ್ತೆಯಲ್ಲಿ ಜನರ ಮಾತು, ಚಪ್ಪಲಿ ಸದ್ದು ಕೇಳಿಸ್ತಿತ್ತು. ಮಕ್ಕಳು ನಡುರಸ್ತೆಯಲ್ಲಿ ಆಡ್ತಿದ್ದರು. "ಅವ್ವಾ, ಇವತ್ತು ನಡುವೆ ನಡಿ, ಯಾವ ಗಾಡಿಯೂ ಬರೋದಿಲ್ಲ" ಅಂದೆ. ಹ್ಞೂಂ ಅಂದಳು. ಸೀರೆ ಅಂಗಡಿಗಳ ಸಾಲು ಮುಗಿಯೋವರೆಗೂ ಅಂಚು ಹಿಡಿದೇ ನಡೆದಳು, ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಾ.