ಕಣಗಳು ಎಲ್ಲಿ ಹೋದವು?

ಕೋಲ್ಕತ್ತದಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮನ್ನು ಕಾಯಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಫಿಂಗೊಲಿಮಾಡ್ ಗುಳಿಗೆ ಶುರುವಾದ ಮೇಲೆ ರಿಪೋರ್ಟಿನಲ್ಲಿ ಆ ಕಣಗಳು ತೀರಾ ಇಳಿದಿದ್ದವು. "ನಿಲ್ಲಿಸಿಬಿಡೋಣವಾ ದಾದಾ?" ಅಂತ ಅವಳಮ್ಮ ಗಾಬರಿಯಿಂದ ಬಂದರು.

ನಾನು ಓದಿದ್ದು ಬಿಕಾಂ. ಆದರೂ ಈ ಲೆಕ್ಕ ಅರ್ಥವಾಗುತ್ತೆ ನೋಡಿ. ಕಣಗಳು ಸತ್ತಿಲ್ಲ, ಲಿಂಫ್ ಗ್ರಂಥಿಗಳಿಂದ ಹೊರಬರಲಾಗದೆ ಒಳಗೇ ಉಳಿದಿವೆ. ಕೌಂಟರಿನಲ್ಲಿ ಕ್ಯಾಶ್ ಇಲ್ಲ, ಸ್ಟ್ರಾಂಗ್ ರೂಮಿನಲ್ಲಿದೆ! ಅದರಿಂದಲೇ ಮೆದುಳಿನ ಮೇಲೆ ದಾಳಿ ಕಮ್ಮಿ. ಸೋಂಕಿನ ಭಯ ಮಾತ್ರ ಜಾಸ್ತಿ. ಗುಳಿಗೆ ಬಿಟ್ಟರೆ ಕೆಲವು ವಾರಗಳಲ್ಲಿ ಕಣಗಳು ವಾಪಸ್. ಆಗ ಕೆಲವರಿಗೆ ಕಾಯಿಲೆ ಮೊದಲಿಗಿಂತ ಜೋರಾಗುತ್ತದೆಂದು 2018ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತ್ತು.

"ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಬೌದಿ" ಅಂದೆ. ಸೋಮವಾರ ಹೋಗುತ್ತಿದ್ದಾರೆ.