ವಲ್ಲಿ ಇಲ್ಲದ ವ್ಯಾಪಾರ

ಕೊಟೇಷನ್ನಿನ ಕಡೇ ಸಾಲುಗಳಲ್ಲೊಂದರಲ್ಲಿ ಗಣಪತಿ ಕೂತಿದ್ದ. ಬೆಳಿಗ್ಗೆ ಕಾಫಿ ಇನ್ನೂ ಅರ್ಧ ಲೋಟ ಇರುವಾಗಲೇ ಷೋರೂಮಿನ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ ಹಾಳೆ. ಎಕ್ಸ್ ಷೋರೂಮ್ ಬೆಲೆ, ರಸ್ತೆ ತೆರಿಗೆ, ಇನ್ಶೂರೆನ್ಸು, ಫಾಸ್ಟ್ಯಾಗು, ಹ್ಯಾಂಡ್ಲಿಂಗ್ ಚಾರ್ಜು ಎಲ್ಲ ಮುಗಿದ ಮೇಲೆ ‘ಎಸೆನ್ಷಿಯಲ್ ಕಿಟ್’ ಅಂತ ಒಂದು ಬಾಬ್ತು. ಅದರ ಹೊಟ್ಟೆಯೊಳಗೆ ಮಡ್ ಫ್ಲಾಪು, ಕಾಲುಹಾಸು, ಕಾರಿಗೆ ಹೊದಿಸುವ ಬಟ್ಟೆ, ಒಂದು ಸೆಂಟಿನ ಶೀಷೆ, ಜೊತೆಗೆ ಡ್ಯಾಶ್‌ಬೋರ್ಡಿಗೆ ಅಂಟಿಸುವ ಗಣಪತಿ. ಗಣಪತಿಯ ಮುಂದೆ ‘ಫ್ರೀ’ ಎಂದಿತ್ತು. ಕಿಟ್ಟಿನ ಮುಂದೆ ಎಂಟು ಸಾವಿರ ಚಿಲ್ಲರೆ ಎಂದಿತ್ತು. ಕಿಟ್ ಬೇಡ, ಗಣಪತಿ ಮಾತ್ರ ಕೊಡಿ ಅಂತ ಬರೆದು ಕಳಿಸಿದೆ. ನಗುವ ಮುಖದ ಚಿತ್ರ ಬಂತು, ಉತ್ತರ ಬರಲಿಲ್ಲ.

ಇದನ್ನು ಮುಳಬಾಗಿಲಿನವನಿಗೆ ಕಳಿಸಬಾರದಿತ್ತು. ನಮ್ಮೂರಿಗೆ ಹತ್ತು ಕಿಲೋಮೀಟರಿನಾಚೆ ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಮೀರಿದ ಏಕಶಿಲೆಯ ಗಣಪ ಕೂತಿದ್ದಾನೆ. ಹೊಸ ಗಾಡಿ ಕೊಂಡವರು ಅಲ್ಲಿಗೋ ಊರಿನ ಆಂಜನೇಯನ ಗುಡಿಗೋ ತಂದು ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಬರುವಾಗ ಮುಳಬಾಗಿಲಿನ ದೋಸೆ ತಿಂದು ಹೋಗುತ್ತಾರೆ. ಆ ಗಣಪ ಇಷ್ಟು ಕಾಲದಲ್ಲಿ ಒಬ್ಬರಿಗೂ ಕಾಲುಹಾಸು ಕೊಳ್ಳಿ ಅಂದವನಲ್ಲ.

ಹೊಸ ಕಾರು ಅಂತ ಬಾಯಿಬಿಟ್ಟ ಕ್ಷಣದಿಂದ ಸಲಹೆಗೆ ಬರವಿಲ್ಲ. ತಿಂಗಳ ಕೊನೇ ವಾರ ಹೋಗಿ, ಅವರಿಗೆ ಟಾರ್ಗೆಟ್ ಇರುತ್ತೆ. ಹೊಸಕೋಟೆಯಲ್ಲಿ ಒಂದು, ಕೆ.ಆರ್. ಪುರದಲ್ಲಿ ಒಂದು ಕೊಟೇಷನ್ ತಗೊಂಡು ಕೋಲಾರದವನ ಮುಂದೆ ಹಿಡಿಯಿರಿ. ಇನ್ಶೂರೆನ್ಸು ಅವರ ಹತ್ತಿರವೇ ಮಾಡಿಸಬೇಕು ಅಂತೇನಿಲ್ಲ, ಹೊರಗೂ ವಿಚಾರಿಸಿ. ಹತ್ತು ಲಕ್ಷ ದಾಟಿದರೆ ಶೇಕಡ 1 ಟಿಸಿಎಸ್ ಹಿಡಿಯುತ್ತಾರೆ, ಗಾಬರಿ ಬೇಡ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತೆ. ಸರಿ ಸ್ವಾಮಿ, ಎಲ್ಲ ಸರಿ. ರಸ್ತೆ ತೆರಿಗೆಯ ವಿಚಾರದಲ್ಲಿ ಮಾತ್ರ ಎಲ್ಲರೂ ಮೌನ, ಅಲ್ಲಿ ಚೌಕಾಶಿಗೆ ಜಾಗವೇ ಇಲ್ಲವಲ್ಲ. ಐದರಿಂದ ಹತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡ 14, ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18, ಅದರ ತಲೆ ಮೇಲೆ ಸೆಸ್ಸು. ಸನ್‌ರೂಫ್ ಇರಲಿ ಅಂತ ಮಗ ಹಟ ಹಿಡಿದು ಒಂಬತ್ತು ಮುಕ್ಕಾಲು ಲಕ್ಷದ ಕಾರನ್ನು ಹತ್ತರ ಗೆರೆ ದಾಟಿಸಿದರೆ, ಮಾಡಿನಲ್ಲಿ ಕಿಂಡಿ ಕೊರೆಸಿದ್ದಕ್ಕೆ ಸರ್ಕಾರಕ್ಕೆ ಮೂವತ್ತು ಸಾವಿರಕ್ಕೆ ಮೇಲ್ಪಟ್ಟು ಕಾಣಿಕೆ. ಅಷ್ಟಕ್ಕೂ ಕೋಲಾರದ ಬಿಸಿಲಿನಲ್ಲಿ ನೆತ್ತಿಯ ಮೇಲೆ ಕಿಟಕಿ ಯಾಕಪ್ಪ?

ಹ್ಯಾಂಡ್ಲಿಂಗ್ ಚಾರ್ಜು ಅಂದರೆ ಗೋಡೌನಿನಿಂದ ಷೋರೂಮಿಗೆ ಕಾರು ತಂದ ಖರ್ಚಂತೆ. ಕಾರು ತಾನಾಗಿ ಓಡುವ ವಸ್ತು ಅಂತ ತಾನೇ ನಾವು ಅದಕ್ಕೆ ದುಡ್ಡು ಕೊಡುವುದು? ಕೇಳಿದವರಿಗೆ ಈ ಬಾಬ್ತು ತೆಗೆಯುತ್ತಾರೆ, ಕೇಳದವರ ಲೆಕ್ಕದಲ್ಲಿ ಇಟ್ಟಿರುತ್ತಾರೆ.

ಮಾತಿಗೆ ಆಸರೆಯಾಗಲಿ ಅಂತ ಶ್ರೀನಿವಾಸಪುರದ ನನ್ನ ಭಾವಮೈದನನ್ನು ಕರೆದುಕೊಂಡು ಹೋಗಿದ್ದೆ. ಅವನು ಸಾಮಾನ್ಯ ಆಸಾಮಿಯಲ್ಲ. ಮಾವಿನ ತೋಪು ಇನ್ನೂ ಹೂವಿನಲ್ಲಿರುವಾಗಲೇ ಒಂದು ಸುತ್ತು ಹಾಕಿ, ಇಲ್ಲಿ ಇಷ್ಟು ಲೋಡು ಕಾಯಿ ಇಳಿಯುತ್ತೆ ಅಂತ ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಫಸಲು ಹಿಡಿಯುವವನು. ಸಂಬಂಧಿಕರ ಮದುವೆಗೆ ಜವಳಿ ತೆಗೆಯಲು ಅವನೇ ಬೇಕು. ಅವನು ಅಂಗಡಿ ಮೆಟ್ಟಿಲು ಇಳಿದು ಹೊರಟಂತೆ ಮಾಡಿದರೆ ಯಜಮಾನರೇ ಎದ್ದು ಬಂದು ಕೈ ಹಿಡಿಯುತ್ತಾರೆ. ಅಂಥವನು ಷೋರೂಮಿನ ಏಸಿಯಲ್ಲಿ, ಮೆತ್ತನೆ ಸೋಫಾದ ತುದಿಯಲ್ಲಿ, ಕಿತ್ತಳೆ ಬಣ್ಣದ ಪಾನಕದ ಲೋಟ ಹಿಡಿದು ಸುಮ್ಮನೆ ಕೂತುಬಿಟ್ಟ. ಒಂದೇ ಸಲ ನಮ್ಮ ಕಡೆಯ ವ್ಯಾಪಾರದ ಭಾಷೆಯಾದ ತೆಲುಗಿಗೆ ಹೊರಳಿ, “ಲಾಸ್ಟು ಎಂತನ್ನಾ?” ಅಂದ. ಟೈ ಕಟ್ಟಿದ ಹುಡುಗ ವಿನಯದಿಂದ, “ಮ್ಯಾನೇಜರ್ ಹತ್ರ ಮಾತಾಡ್ಕೊಂಡ್ ಬರ್ತೀನಿ ಸಾರ್” ಅಂತ ಎದ್ದು ಗಾಜಿನ ಕ್ಯಾಬಿನ್ನಿನೊಳಗೆ ಹೋದ. ಭಾವಮೈದ ನನ್ನ ಕಿವಿಯ ಹತ್ತಿರ ಬಂದು ಕೇಳಿದ: “ಭಾವ, ಇಲ್ಲಿ ಕಾರು ಯಾರ್ದು?”

ಅವನ ಪ್ರಶ್ನೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಹುಡುಗನದ್ದಲ್ಲ, ಅವನು ಸಂಬಳದವನು. ಮ್ಯಾನೇಜರನದ್ದೂ ಅಲ್ಲ. ಡೀಲರು ಎಲ್ಲೋ ಬೆಂಗಳೂರಿನಲ್ಲಿರುತ್ತಾರೆ, ಅವರೂ ಬ್ಯಾಂಕಿನ ಸಾಲದಲ್ಲಿ ಕಾರು ತರಿಸಿ, ನಿಂತಷ್ಟು ದಿನವೂ ಬಡ್ಡಿ ಕಟ್ಟುವವರು. ಬರುವ ಮಾರ್ಜಿನ್ನೂ ಅಷ್ಟಕ್ಕಷ್ಟೆ, ಅದಕ್ಕೇ ಇನ್ಶೂರೆನ್ಸು, ಲೋನು, ಕಾಲುಹಾಸು ಅಂತ ಅಕ್ಕಪಕ್ಕದಲ್ಲಿ ಮೇಯಬೇಕು. ಮಾರುವವನಿಗೆ ವಸ್ತುವನ್ನು ಬಿಟ್ಟುಕೊಡುವ ಸಂಕಟ ಇಲ್ಲದಿದ್ದರೆ ಚೌಕಾಶಿ ಯಾರ ಜೊತೆ ಮಾಡೋದು?

ಈ ಸಂಕಟವನ್ನು ನೋಡಬೇಕಾದರೆ ಆವನಿ ಜಾತ್ರೆಗೆ ಹೋಗಬೇಕು. ಶಿವರಾತ್ರಿ ಹೊತ್ತಿಗೆ ರಾಮಲಿಂಗೇಶ್ವರನ ತೇರು, ಅದರ ಜೊತೆಗೆ ದನದ ಜಾತ್ರೆ. ಮುಳಬಾಗಿಲು ತಾಲ್ಲೂಕಿನಲ್ಲಿ ಹುಟ್ಟಿದ ಗಂಡು ಹುಡುಗರೆಲ್ಲ ಒಂದು ಕಾಲಕ್ಕೆ ಲೆಕ್ಕ ಕಲಿತದ್ದು ಅಲ್ಲೇ. ತಾತ ಹಳ್ಳಿಕಾರ್ ಜೋಡಿಯ ಮುಂದೆ ನಿಂತು ಮೊದಲು ಸುಳಿ ನೋಡುತ್ತಿದ್ದರು, ಆಮೇಲೆ ತುಟಿ ಎತ್ತಿ ಹಲ್ಲು. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ. ಆಮೇಲೆ ಸ್ವಲ್ಪ ದೂರ ನಡೆಸಿ, ಹಿಂದಿನಿಂದ ಗೊರಸು ಬೀಳುವ ರೀತಿ ನೋಡುವುದು. ಅಷ್ಟಾದ ಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಕೈಗೆ ಹಾಕುತ್ತಿದ್ದರು. ಆ ಕಡೆಯಿಂದ ಮಾರುವವನ ಕೈ ಅದರೊಳಗೆ ಬರುತ್ತಿತ್ತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ತುಂಬ ಹಿಡಿದರೆ ಐದು. ಅದು ನೂರೋ ಸಾವಿರವೋ ಅನ್ನುವುದು ಎತ್ತು ನೋಡಿದ್ದ ಇಬ್ಬರಿಗೂ ಗೊತ್ತಿರುತ್ತಿತ್ತು.

ಕೈಗಳು ಒಳಗೆ ಕುಸ್ತಿ ಮಾಡುತ್ತಿದ್ದರೆ ಮುಖಗಳು ಹೊರಗೆ ಬೇರೆಯೇ ಸಂಸಾರ ನಡೆಸುತ್ತಿದ್ದವು. “ಈ ಸಲ ನಿಮ್ ಕಡೆ ಹುರುಳಿ ಎಂಗಾಯ್ತು?” “ಎಲ್ಲಿ ಬಂತಣ್ಣ, ಹೂವಿಗೇ ಮಳೆ ಕೈಕೊಡ್ತು.” ವಲ್ಲಿಯ ಮೇಲ್ಮೈ ಒಮ್ಮೆ ಉಬ್ಬುತ್ತಿತ್ತು, ಒಮ್ಮೆ ಜಗ್ಗುತ್ತಿತ್ತು. ಆ ಉಬ್ಬು ನೋಡಿ ಎಷ್ಟಕ್ಕೆ ಬಂತು ಅಂತ ಊಹಿಸುವುದು ನಮ್ಮ ಆಟ. ಮಾರುವವನ ಕೈ ಒಂದು ಸಲ ಕಿತ್ತುಕೊಂಡು ಹೊರಬರುತ್ತಿತ್ತು. ತಾತ ಅಲ್ಲಾಡುತ್ತಿರಲಿಲ್ಲ, ವಲ್ಲಿಯನ್ನು ಹಾಗೇ ಚಾಚಿಕೊಂಡು ನಿಂತಿರುತ್ತಿದ್ದರು. ಮಾರುವವನು ಎತ್ತಿನ ಗಂಗೆದೊಗಲನ್ನು ಎರಡು ಸಲ ನೀವಿ, ನಿಟ್ಟುಸಿರು ಬಿಟ್ಟು, ಮತ್ತೆ ಕೈ ಇಡುತ್ತಿದ್ದ. ದಳ್ಳಾಳಿ ನಡುವೆ ಬಂದು ಇಬ್ಬರ ಮೊಣಕೈ ಹಿಡಿದು ಕುಲುಕಿದರೆ ವ್ಯಾಪಾರ ಮುಗಿದಂತೆ. ಬೆಲೆ ಎಷ್ಟು ಅಂತ ಪಕ್ಕದಲ್ಲಿ ಜೋಡಿ ಕಟ್ಟಿಕೊಂಡು ನಿಂತವನಿಗೂ ತಿಳಿಯುತ್ತಿರಲಿಲ್ಲ. ಕಡಿಮೆಗೆ ಕೊಟ್ಟ ಅಂತ ಮಾರಿದವನಿಗೆ ಅವಮಾನವಿಲ್ಲ, ಜಾಸ್ತಿ ಕೊಟ್ಟ ಅಂತ ಕೊಂಡವನನ್ನು ಊರು ಆಡಿಕೊಳ್ಳುವಂತಿಲ್ಲ. ಎತ್ತು ಮಾರುವ ಸರದಿ ತಾತನದಾದಾಗ ಅವರು ಕಟ್ಟಿದ್ದ ಹಗ್ಗ ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಿದ್ದರು. ಎತ್ತು ಹೋದರೂ ಲಕ್ಷ್ಮಿ ಮನೆಯಲ್ಲಿರಲಿ ಅಂತ. ಕೊಂಡವನು ಹೊಸ ಹಗ್ಗ ತಂದಿರಬೇಕು. ಇದನ್ನು ಷೋರೂಮಿನವರಿಗೆ ಹೇಳಬಾರದು, ‘ಹಗ್ಗ, ಎಸೆನ್ಷಿಯಲ್’ ಅಂತ ಇನ್ನೊಂದು ಸಾಲು ಸೇರಿಸಿಬಿಡುತ್ತಾರೆ.

ಹಲ್ಲು ಅಂದೆನಲ್ಲ, ಕಾರಿಗೂ ಹಲ್ಲಿದೆ. ಚಾಸಿ ನಂಬರಿನೊಳಗೆ ಅದು ತಯಾರಾದ ವರ್ಷ, ತಿಂಗಳು ಎರಡೂ ಅಕ್ಷರಗಳ ವೇಷದಲ್ಲಿ ಕೂತಿರುತ್ತವೆ. ಡಿಸೆಂಬರಿನಲ್ಲಿ ಕಾರು ಅಗ್ಗವಾಗುವುದು ಯಾರ ಔದಾರ್ಯದಿಂದಲೂ ಅಲ್ಲ. ಜನವರಿ ಒಂದಕ್ಕೆ ಅಂಗಳದಲ್ಲಿ ನಿಂತದ್ದಕ್ಕೆಲ್ಲ ಒಂದು ವರ್ಷ ವಯಸ್ಸಾಗಿಬಿಡುತ್ತದೆ, ಮುಂದೆ ಸೆಕೆಂಡ್ ಹ್ಯಾಂಡ್ ಮಾರುವಾಗ ಕೇಳುವುದು ಆ ವರ್ಷವನ್ನೇ. ಭಾವಮೈದನಿಗೆ ಇದನ್ನು ಹೇಳಿದ್ದೇ ತಡ, ಅವನಿಗೆ ಜೀವ ಬಂತು. ಪಾನಕದ ಲೋಟ ಇಟ್ಟು, ಬಾನೆಟ್ ಎತ್ತಿಸಿ, ಕನ್ನಡಕ ಏರಿಸಿಕೊಂಡು ನಂಬರು ಓದಿಸಿದ. “ಇದು ಬಾಯಿಗೂಡಿರೋದು ಭಾವ, ಬೇಡ” ಅಂದ. ಹುಡುಗನಿಗೆ ಅರ್ಥವಾಗಲಿಲ್ಲ, ಆದರೂ ಹೆದರಿದ. ಅಲ್ಲಿಂದ ಮುಂದೆ ಬೆಲೆ ಸ್ವಲ್ಪ ಸಡಿಲವಾಯಿತು.

ಸ್ವಲ್ಪವೇ. ಹುಡುಗ ಮತ್ತೆ ಮತ್ತೆ ಗಾಜಿನ ಕ್ಯಾಬಿನ್ನಿಗೆ ಹೋಗಿ ಬಂದ, ಪ್ರತಿ ಸಲವೂ ಸಾವಿನ ಮನೆಯಿಂದ ಬಂದವನ ಮುಖ. ಒಳಗೆ ಮ್ಯಾನೇಜರು ಏನನ್ನೋ ಬರೆಯುವುದು, ತಲೆಯಾಡಿಸುವುದು ನಮಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಕ್ಯಾಬಿನ್ನೇ ಈಗಿನ ವಲ್ಲಿ. ಅದರೊಳಗೆ ಎರಡು ಕೈಗಳೂ ಅವರವೇ.

ನಮ್ಮ ಜಿಲ್ಲೆಯವರಿಗೆ ಇದು ಹೊಸದೂ ಅಲ್ಲ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಟೊಮ್ಯಾಟೊ ಬಾಕ್ಸುಗಳನ್ನು ಸಾಲಾಗಿ ಜೋಡಿಸಿ ಹರಾಜು ಕೂಗುವಾಗ ಬೆಳೆದವನು ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತಾನೆ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗಲೂ ಅವನು ಹಾಗೇ ನಿಂತಿದ್ದ, ರಸ್ತೆ ಬದಿಗೆ ಸುರಿದು ಹೋಗುವ ವರ್ಷಗಳಲ್ಲೂ ಹಾಗೇ. 2025ರ ಜೂನ್‌ನಲ್ಲಿ ನಮ್ಮ ತೋತಾಪುರಿ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಬರಕೂಡದು ಅಂತ ಆ ಕಡೆಯವರು ತಡೆದರು, ಶ್ರೀನಿವಾಸಪುರ ಬಂದ್ ಆಯಿತು, ಕೊನೆಗೆ ಕ್ವಿಂಟಾಲಿಗೆ 1,616 ರೂಪಾಯಿ ಅಂತ ದೆಹಲಿಯಲ್ಲಿ ಒಂದು ದರ ನಿಗದಿಯಾಯಿತು. ಬೆಳೆದದ್ದಕ್ಕೆ ಬೆಲೆ ಹೇಳುವವರು ಬೇರೆ, ಕೊಳ್ಳುವುದಕ್ಕೆ ಬೆಲೆ ಹೇಳುವವರು ಬೇರೆ. ಭಾವಮೈದ ಸೋಫಾದ ತುದಿಯಲ್ಲಿ ಸುಮ್ಮನೆ ಕೂತದ್ದು ಏಸಿಗೆ ಹೆದರಿ ಅಂತ ನನಗನ್ನಿಸುವುದಿಲ್ಲ.

2022ರ ಜನವರಿಯಲ್ಲಿ ತುಮಕೂರಿನ ಷೋರೂಮೊಂದರ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಪಿಕಪ್ ಕೊಳ್ಳಲು ಬಂದ ರೈತನಿಗೆ, ನಿನ್ನ ಜೇಬಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಎನ್ನುವಂತೆ ಮಾತಾಡಿದರಂತೆ. ಆತ ಹೊತ್ತು ಕಳೆಯುವ ಮೊದಲೇ ಹತ್ತು ಲಕ್ಷ ತಂದು, ಈಗಲೇ ಗಾಡಿ ಕೊಡಿ ಅಂದರಂತೆ. ನಾಡೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆದರೆ ನನ್ನೊಳಗೆ ಕೂತ ಜಾತ್ರೆಯ ಹುಡುಗ ಒಂದೇ ಸಮನೆ ಗೊಣಗುತ್ತಿದ್ದ: ಸಿಟ್ಟಿನಲ್ಲಿ ದುಡ್ಡು ಇಟ್ಟರೆ ಡಿಸ್ಕೌಂಟ್ ಕೇಳೋದು ಯಾವಾಗ?

ಅಷ್ಟಕ್ಕೂ ಷೋರೂಮಿನವರಿಂದ ನಿಜವಾಗಿ ಬೆಲೆ ಇಳಿಸುವವನು ಪಂಚಾಂಗದವನು. ಆಷಾಢದಲ್ಲಿ ಯಾರೂ ಕಾರು ಮನೆಗೆ ತರುವುದಿಲ್ಲ, ಅದಕ್ಕೇ ಆಷಾಢ ಆಫರು. ಜಾಣರು ಆಷಾಢದ ಬೆಲೆಗೆ ಬುಕ್ ಮಾಡಿ ಶ್ರಾವಣದಲ್ಲಿ ಮನೆಗೆ ತರುತ್ತಾರೆ. 2025ರಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಾಗಲಂತೂ ದೆಹಲಿಯವರು ಪಂಚಾಂಗ ಬಿಡಿಸಿಟ್ಟುಕೊಂಡೇ ಕೂತಿದ್ದರೇನೋ ಅನ್ನಿಸಿತು. ಪಿತೃಪಕ್ಷವಿಡೀ ಷೋರೂಮುಗಳು ಬಿಕೋ ಅಂದವು. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ, ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನಕ್ಕೆ ಸರಿಯಾಗಿ ಹೊಸ ದರ. ನಮ್ಮ ಪಿತೃಗಳ ಕೈ ಆ ವಲ್ಲಿಯೊಳಗಿತ್ತೋ ಏನೋ.

ಕೊನೆಗೂ ಹ್ಯಾಂಡ್ಲಿಂಗ್ ಚಾರ್ಜು ಹೋಯಿತು, ಕಿಟ್ಟು ಅರ್ಧಕ್ಕೆ ಇಳಿಯಿತು. ಇಷ್ಟೆಲ್ಲ ಎಳೆದಾಡಿ ಉಳಿಸಿದ ದುಡ್ಡು ಎಲ್ಲಿ ಹೋಗುತ್ತದೆ ಅನ್ನುವುದು ಇನ್ನೊಂದು ಕಥೆ. ಕಾಲುಹಾಸಿಗೆ ಜಗಳವಾಡಿದ ಮನುಷ್ಯನೇ ಆರ್‌ಟಿಒ ಹರಾಜಿನಲ್ಲಿ ಫ್ಯಾನ್ಸಿ ನಂಬರಿಗೆ ಕಣ್ಣುಮುಚ್ಚಿ ಕೂಗುತ್ತಾನೆ. ಕೂಡಿದರೆ ಒಂಬತ್ತು ಬರಬೇಕು, ಇಲ್ಲದಿದ್ದರೆ ಐದು. ಎಂಟು ಮಾತ್ರ ಬೇಡವೇ ಬೇಡ, ಅದು ಶನಿಯದು. ಆದರೆ ನಮ್ಮ ಕೋಲಾರ ಕೆಎ 07 ಆದರೆ ಕೆಜಿಎಫ್ ಕೆಎ 08. ಅಲ್ಲಿ ನೋಂದಣಿಯಾದ ಸ್ಕೂಟರು, ಆಟೋ, ಮದುವೆ ದಿಬ್ಬಣದ ಬಸ್ಸು ಎಲ್ಲವೂ ಹಣೆಯ ಮೇಲೆ ಎಂಟು ಬರೆಸಿಕೊಂಡೇ ತಿರುಗುತ್ತವೆ. ಪರಿಚಯದ ಜೋಯಿಸರೊಬ್ಬರನ್ನು ಕೇಳಿದೆ. “ಎಂಟರ ಮುಂದೆ ಸೊನ್ನೆ ಇದೆಯಲ್ಲ, ಅದು ಶನಿಯನ್ನ ಹಿಡ್ಕೊಂಡಿರುತ್ತೆ” ಅಂದರು. ಹಾಗಾದರೆ ಏಳು ಕೇತುವಿನದಲ್ಲವೇ, ನಮ್ಮ ಸೊನ್ನೆ ಅವನನ್ನೂ ಹಿಡಿದಿದೆಯೇ ಅಂತ ಕೇಳುವಷ್ಟರಲ್ಲಿ ಅವರನ್ನು ಕರೆದೊಯ್ಯಲು ಕಾರು ಬಂತು. ತಮಿಳುನಾಡಿನ ನಂಬರು.