ಬಲ್ಮಠದ ಗುಡ್ಡದಲ್ಲಿ ಹೊಸ ಹೆಸರು

ಮಂಗಳೂರಿನ ಹಂಪನಕಟ್ಟೆಯ ಗದ್ದಲವನ್ನು ಹಿಂದೆ ಬಿಟ್ಟು ಪೂರ್ವದ ಏರುರಸ್ತೆ ಹಿಡಿದರೆ ಬಲ್ಮಠ ಬಹಳ ದೂರವಿಲ್ಲ. ದಿನನಿತ್ಯ ಓಡಾಡುವವರಿಗೆ ಅದೊಂದು ಬಸ್ ನಿಲ್ದಾಣ, ಅಷ್ಟೆ. ಆದರೆ ರಸ್ತೆ ಬಿಟ್ಟು ಮಿಷನ್ ಆವರಣದೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಬೇರೆಯೇ ಲೋಕ. ಶಾಂತಿ ಕೆಥೆಡ್ರಲ್, ಪಕ್ಕದಲ್ಲೇ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಅದರ ಸಂಗ್ರಹದಲ್ಲಿ ಹಳೆಯ ಕನ್ನಡ, ತುಳು ಪುಸ್ತಕಗಳು. ‘ನಾನು ಯಾರು?’ ಎಂಬ ಪ್ರಶ್ನೆಗೆ ನೂರಾರು ಕುಟುಂಬಗಳು ಒಂದೂವರೆ ಶತಮಾನಕ್ಕೂ ಹಿಂದೆ ಹೊಸ ಉತ್ತರ ಹುಡುಕಿದ್ದು ಈ ಗುಡ್ಡದ ಸುತ್ತಮುತ್ತ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ನಂತರ ಬಂದವರು ಹೆರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಇವರನ್ನು ಕನ್ನಡಿಗರು ಮರೆತಿಲ್ಲ. ಆದರೆ ಆರೇ ತಿಂಗಳ ತರುವಾಯ ಇದೇ ಊರನ್ನು ತಲ್ಲಣಗೊಳಿಸಿದ ಇನ್ನೊಂದು ಘಟನೆ ಅಷ್ಟಾಗಿ ಯಾರ ನೆನಪಿನಲ್ಲೂ ಇದ್ದಂತಿಲ್ಲ.

1844ರ ಜನವರಿ 6ರಂದು ಮೂವರು ಬ್ರಾಹ್ಮಣ ಯುವಕರು ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬರು ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ. ವಯಸ್ಸು ಇಪ್ಪತ್ತರ ಒಳಗೆ. ಆ ಕಾಲದಲ್ಲಿ ಹಾಗೆ ಹೊರಟವನಿಗೆ ಹಿಂದಿರುಗುವ ದಾರಿ ಇರಲಿಲ್ಲ. ಜಾತಿ ಹೋದರೆ ಮನೆ ಹೋಯಿತು, ಪಂಕ್ತಿ ಹೋಯಿತು, ನೆಂಟಸ್ತಿಕೆ ಹೋಯಿತು. ಕೌಂಡಿನ್ಯರಿಗೆ ಆಗಲೇ ಮದುವೆಯಾಗಿತ್ತು. ಪತ್ನಿ ಹೊಸ ದಾರಿಯಲ್ಲಿ ಜತೆಗೂಡಲಿಲ್ಲ. ಆಕೆಯ ಪಾಲಿಗೆ ಬಂದ ಬದುಕು ಎಂಥದು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಕಥೆಯನ್ನು ಹೇಳುವುದು ನ್ಯಾಯವಾಗದು.

1846ರಲ್ಲಿ ಕೌಂಡಿನ್ಯರು ಮೋಗ್ಲಿಂಗರೊಂದಿಗೆ ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿದರು. 1851ರಲ್ಲಿ ಬೋಧಕರಾಗಿ ದೀಕ್ಷೆ ಪಡೆದು ತಾಯ್ನಾಡಿಗೆ ಮರಳಿದರು. ಮಂಗಳೂರಿನಲ್ಲಿ ಉಪದೇಶಿಗಳಾಗುವ ತರುಣರಿಗೆ ಪಾಠ ಹೇಳಿದರು. 1860ರಲ್ಲಿ ಜರ್ಮನ್ ಮಹಿಳೆಯನ್ನು ವಿವಾಹವಾದರು. ಮುಂದೆ ಕೊಡಗಿನ ಆನಂದಪುರದಲ್ಲಿ, ತಲೆತಲಾಂತರದಿಂದ ಜೀತದಲ್ಲಿ ನವೆದು ಕ್ರೈಸ್ತರಾದ ಹೊಲೆಯ ಕುಟುಂಬಗಳ ನಡುವೆ ದುಡಿದರು. ಯಾರ ನೆರಳೂ ಸೋಕಬಾರದೆಂದು ಕಟ್ಟಳೆ ಮಾಡಿದ ಸಮಾಜದಲ್ಲಿ ಹುಟ್ಟಿದವರು ಅಂಥವರ ಜತೆಗೇ ಬಾಳಿದ್ದು ಸಣ್ಣ ಮಾತಲ್ಲ.

ಅವರು ಇಟ್ಟುಕೊಂಡ ಹೆಸರನ್ನು ಗಮನಿಸಬೇಕು: ಹೆರ್ಮನ್ ಆನಂದರಾವ್ ಕೌಂಡಿನ್ಯ. ಮೊದಲನೆಯದು ಗುರುವಿನ ಹೆಸರು, ನಡುವಿನದು ಹೆತ್ತವರು ಇಟ್ಟದ್ದು, ಕೊನೆಯದು ಗೋತ್ರದ್ದು. ಬಂಧುಗಳು ಕೈಬಿಟ್ಟರೂ ಗೋತ್ರದ ಹೆಸರನ್ನು ಅವರು ಕೈಬಿಡಲಿಲ್ಲ. ಹೊಸ ನಂಬಿಕೆಗಾಗಿ ಹಳೆಯದನ್ನೆಲ್ಲ ಒರೆಸಿ ಹಾಕಬೇಕಿಲ್ಲ ಎಂದು ಆ ಹೆಸರೇ ಹೇಳುತ್ತಿತ್ತು.

ಆದರೆ ಬಲ್ಮಠದ ಸಭೆ ಬೆಳೆದದ್ದು ಬ್ರಾಹ್ಮಣ ಯುವಕರಿಂದಲ್ಲ. ಬಂದವರಲ್ಲಿ ಬಹುಪಾಲು ಬಿಲ್ಲವರು. ಭೂತಾರಾಧನೆ ಬಿಟ್ಟವನಿಗೆ ಗುತ್ತಿನ ಯಜಮಾನನ ಗೇಣಿ ಜಮೀನು ಉಳಿಯುವ ಭರವಸೆ ಇರಲಿಲ್ಲ. ಕಳ್ಳು ಇಳಿಸುವುದಕ್ಕೆ ಮಿಷನ್ನೇ ಒಪ್ಪುತ್ತಿರಲಿಲ್ಲ. ದೇವರು ಸಿಕ್ಕಿದ, ಅನ್ನ ಹೋಯಿತು ಎಂಬ ಸ್ಥಿತಿ. ಇದಕ್ಕೆ ಮಿಷನ್ ಕಂಡುಕೊಂಡ ಪರಿಹಾರವೇ ಕಾರ್ಖಾನೆ. 1851ರಲ್ಲಿ ನೇಯ್ಗೆ ಆರಂಭವಾಯಿತು. 1865ರಲ್ಲಿ ನೇತ್ರಾವತಿ ತೀರದ ಜೆಪ್ಪುವಿನಲ್ಲಿ, ನದಿಬಯಲಿನ ಜೇಡಿಮಣ್ಣಿನಿಂದ ಹೆಂಚು ತಯಾರಾಗತೊಡಗಿತು. ‘ಮಂಗಳೂರು ಹೆಂಚು’ ಕಡಲಾಚೆಗೂ ಹೆಸರಾದ ಕಥೆ ಎಲ್ಲರಿಗೂ ಗೊತ್ತು. ಅದರ ಮೂಲದಲ್ಲಿ ಧರ್ಮ ಬದಲಿಸಿ ದುಡಿಮೆ ಕಳೆದುಕೊಂಡವರ ಹಸಿವಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಇನ್ನೊಂದು ಕೊಡುಗೆ ಭಾಷೆಯದು. ಮನೆಮಾತಾದ ತುಳು ಅಲ್ಲಿಯವರೆಗೆ ಅಚ್ಚಿನ ಮುಖ ಕಂಡಿರಲಿಲ್ಲ. 1847ರಲ್ಲಿ ತುಳು ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಇದೇ ಮಿಷನ್ನಿನ ಅಚ್ಚುಕೂಟದಿಂದ ಬಂದವು. ಅಕ್ಷರ ತನಗಲ್ಲ ಎಂದುಕೊಂಡಿದ್ದ ಮನುಷ್ಯ ತನ್ನ ಅವ್ವನ ಮಾತನ್ನು ಪುಸ್ತಕದಲ್ಲಿ ತಾನೇ ಓದಿಕೊಂಡ ಗಳಿಗೆಯನ್ನು ಊಹಿಸಿಕೊಳ್ಳಬಹುದು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಕೆಲಸ ಕೊಡುವವರೂ ಶಾಲೆ ನಡೆಸುವವರೂ ಶಿಸ್ತು ಕಲಿಸುವವರೂ ಒಂದೇ ಮಿಷನ್ನಿನವರು. ಯಜಮಾನ ಬದಲಾದನೇ ಹೊರತು ಯಜಮಾನಿಕೆ ತಪ್ಪಲಿಲ್ಲ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕುವಂತಿಲ್ಲ. ನಿಜವಾದ ಪರೀಕ್ಷೆ ಬಂದದ್ದು 1914ರ ಮಹಾಯುದ್ಧದಲ್ಲಿ. ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿ ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಸಭೆ ಮಾತ್ರ ಚದುರಲಿಲ್ಲ. ಬಿಳಿಯ ಪಾದ್ರಿಯ ಕೈ ಹಿಡಿದು ಬಂದವರು ಎಂದು ಊರು ಆಡಿಕೊಂಡಿದ್ದ ಜನ, ಆ ಕೈ ಬಿಟ್ಟಾಗಲೂ ನಿಂತರು. ನಂಬಿಕೆ ಎರವಲು ತಂದದ್ದಲ್ಲ, ತಮ್ಮದೇ ಎಂಬುದು ಅವರಿಗೂ ಊರಿಗೂ ತಿಳಿದದ್ದು ಬಹುಶಃ ಆಗ.

ಮಂಗಳೂರಿಗೆ ಬರುವ ಪ್ರವಾಸಿಗರು ಕದ್ರಿ, ಪಣಂಬೂರು ನೋಡಿ ಹೊರಟುಬಿಡುತ್ತಾರೆ. ಬಿಡುವಿದ್ದವರು ಒಂದು ಭಾನುವಾರ ಬೆಳಿಗ್ಗೆ ಬಲ್ಮಠದ ಗುಡ್ಡ ಹತ್ತಬೇಕು. ಒಳಗೆ ಆರಾಧನೆ ಕನ್ನಡದಲ್ಲಿ ನಡೆಯುತ್ತದೆ. ಮುಗಿದ ಮೇಲೆ ಹೊರಗೆ ಮರದಡಿ ಗುಂಪುಗೂಡುವವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು ತುಳುವಿನಲ್ಲಿ.